ಮೀನಿನ ಪೆಟ್ಟಿಗೆಯಲ್ಲಿ ಕೇರೆ ಮೊಟ್ಟೆ

ಕೋಳಿಮೊಟ್ಟೆಗೆ ಕಾವು ಕೊಡುವ ಯಂತ್ರದಲ್ಲಿ ಹಾವಿನ ಮೊಟ್ಟೆ ಇಟ್ಟರೆ ಒಳಗಿನ ಮರಿ ಸಾಯುತ್ತದೆ. ಈ ಮಾತನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಾಗೆಲ್ಲ ಅವರು ಕೇಳುವುದು ಒಂದೇ: ಮೊಟ್ಟೆ ಅಂದಮೇಲೆ ಎಲ್ಲ ಒಂದೇ ಅಲ್ಲವಾ? ಅಲ್ಲ. ಕೋಳಿಮೊಟ್ಟೆಯಲ್ಲಿ ಹಳದಿಯನ್ನು ಎರಡು ತುದಿಯಿಂದಲೂ ಹಿಡಿದುಕೊಂಡ ತಿರುಚಿದ ಎಳೆಗಳಿರುತ್ತವೆ. ತಾಯಿಕೋಳಿ ದಿನಕ್ಕೆ ಹತ್ತಾರು ಸಲ ಹೊರಳಿಸಿದರೂ ಒಳಗಿನದು ತನ್ನ ಜಾಗದಲ್ಲೇ ನಿಲ್ಲುತ್ತದೆ. ಹೊರಳಿಸದೆ ಬಿಟ್ಟರೆ ಭ್ರೂಣ ಪೊರೆಗೆ ಅಂಟಿ ಕೆಡುತ್ತದೆ. ಹಾವು, ಹಲ್ಲಿ, ಆಮೆಗಳ ಮೊಟ್ಟೆಯಲ್ಲಿ ಆ ಎಳೆಗಳೇ ಇಲ್ಲ. ಇಟ್ಟ ಒಂದೆರಡು ದಿನದೊಳಗೆ ಭ್ರೂಣ ಮೇಲ್ಗಡೆಯ ಪೊರೆಗೆ ಅಂಟಿಕೊಂಡು ಅಲ್ಲೇ ಬೆಳೆಯಲು ಶುರುಮಾಡುತ್ತದೆ. ಆಮೇಲೆ ಮೊಟ್ಟೆಯನ್ನು ಮೇಲುಕೆಳಗು ಮಾಡಿದರೆ ಹಳದಿಯ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಹಾವಿನ ಮೊಟ್ಟೆ ಎತ್ತುವವನು ಮೊದಲು ಮಾಡಬೇಕಾದ ಕೆಲಸ, ಸೀಸದ ಕಡ್ಡಿಯಿಂದ ಪ್ರತಿ ಮೊಟ್ಟೆಯ ನೆತ್ತಿಯ ಮೇಲೂ ಒಂದು ಸಣ್ಣ ಗೆರೆ ಎಳೆಯುವುದು. ಪೆನ್ನು ಬೇಡ, ಶಾಯಿ ಒಳಗಿಳಿಯುತ್ತದೆ. ಮೊಟ್ಟೆ ಎಲ್ಲಿಗೇ ಹೋದರೂ ಆ ಗೆರೆ ಆಕಾಶ ನೋಡುತ್ತಿರಬೇಕು.

ನಮ್ಮದು ಸಿದ್ದಾಪುರ ತಾಲ್ಲೂಕಿನ ಒಂದು ಊರು. ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ಅಪ್ಪನ ಕಾಲದಿಂದ ಇದೆ. ಸುತ್ತಲಿನ ಮನೆಗಳಿಗೆ ಹಾವು ಹೊಕ್ಕರೆ ಕರೆ ಬರುವುದು ನನಗೆ. ಹಿಡಿದು ಹತ್ತಿರದ ಕಾಡಿನಂಚಿಗೆ ಬಿಡುತ್ತೇನೆ, ಅರಣ್ಯ ಇಲಾಖೆಯವರಿಗೆ ತಿಳಿಸುತ್ತೇನೆ. ಕಾಯಿಲು ಸುತ್ತುವ ಕೆಲಸದಲ್ಲಿ ಕೂತು ಕೂತು, ಶಾಖ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೋರುತ್ತದೆ ಅನ್ನುವುದು ಕೈಗೇ ಗೊತ್ತಾಗಿಬಿಟ್ಟಿದೆ. ಆ ಎರಡು ಕಸುಬು ಒಂದನ್ನೊಂದು ಸೇರಿದ್ದು ಒಂದು ಮೇ ತಿಂಗಳ ಕೊನೆಗೆ.

ಮಳೆಗೆ ಮುಂಚೆ ತೋಟಕ್ಕೆ ಗೊಬ್ಬರ ಏರಿಸಿ ಮುಗಿಸುವ ಗಡಿಬಿಡಿ ಎಲ್ಲ ಮನೆಗಳಲ್ಲೂ ಇರುವ ಕಾಲ ಅದು. ಒಂದು ಮನೆಯ ಕೊಟ್ಟಿಗೆಯ ಹಿಂದೆ, ಗೊಬ್ಬರಗುಂಡಿಯ ಅಂಚಿನಲ್ಲಿ, ಅಡಿಕೆ ಸಿಪ್ಪೆ ಮತ್ತು ದರಕು ಕೊಳೆತು ಕಪ್ಪಾದ ಕಡೆ ಗುದ್ದಲಿ ತಾಗಿ ಬಿಳಿಯ ಮೊಟ್ಟೆಗಳು ಕಂಡವು. ನಾನು ಹೋಗುವಷ್ಟರಲ್ಲಿ ಗುಂಡಿಯ ಮುಕ್ಕಾಲು ಭಾಗ ಟ್ರ್ಯಾಕ್ಟರಿನಲ್ಲಿ ತೋಟ ಸೇರಿತ್ತು. ಹನ್ನೊಂದು ಮೊಟ್ಟೆ, ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿದ್ದವು. ಒಂದು ದೊಡ್ಡ ಕೇರೆ ಅಲ್ಲೇ ಓಡಾಡುತ್ತಿದ್ದುದನ್ನು ಮನೆಯವರೆಲ್ಲ ನೋಡಿದ್ದರು, ಅದು ಕಳಚಿದ ಪೊರೆಯೂ ಕಲ್ಲುಕಟ್ಟೆಯ ಸಂದಿಯಲ್ಲಿ ಸಿಕ್ಕಿತು.

ಮೊಟ್ಟೆ ಸಿಕ್ಕ ಜಾಗದಲ್ಲೇ ಮತ್ತೆ ಮುಚ್ಚಿ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಹಾವಿನ ಮೊಟ್ಟೆಯ ಬಗ್ಗೆ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಅದನ್ನೇ. ಆದರೆ ಇಲ್ಲಿ ಮುಚ್ಚುವುದಕ್ಕೆ ಗೊಬ್ಬರವೇ ಉಳಿದಿರಲಿಲ್ಲ. ಬಿಸಿಲು ನೇರವಾಗಿ ಬೀಳುತ್ತಿತ್ತು, ಕೋಳಿಗಳು ಆಗಲೇ ಕೆದಕಲು ಶುರುಮಾಡಿದ್ದವು.

ಮನೆಯ ಯಜಮಾನಿತಿ ಕಟ್ಟೆಯ ಮೇಲೆ ನಿಂತು ಎಲ್ಲ ನೋಡುತ್ತಿದ್ದರು. “ಇಟ್ಟು ಹೋಗೇಬಿಟ್ಟಿದೆ ನೋಡಿ. ಹಾವಿಗೆ ತಾಯಿಕರುಳು ಅಂತ ಇರೋದಿಲ್ಲ” ಅಂದರು. ನಾನೂ ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತು ಅದು. ಆವತ್ತು ಅದಕ್ಕೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ.

ವಲಯ ಅರಣ್ಯಾಧಿಕಾರಿಗೆ ಫೋನು ಮಾಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪ್ರಾಣಿ ಅಂದರೆ ಅದರ ಮೊಟ್ಟೆಯೂ ಸೇರುತ್ತದೆ. ಸರೀಸೃಪದ ಮೊಟ್ಟೆಗೆ ಹಾನಿ ಮಾಡುವುದನ್ನೂ ಬೇಟೆ ಅಂತಲೇ ಲೆಕ್ಕ ಹಿಡಿಯುತ್ತಾರೆ. ಇಲಾಖೆಗೆ ಹೇಳದೆ ಮನೆಗೊಯ್ದು ಇಟ್ಟುಕೊಳ್ಳುವುದು ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅಪರಾಧ. ಅಧಿಕಾರಿ ಬಂದು ನೋಡಿ, ಪುಸ್ತಕದಲ್ಲಿ ಬರೆದುಕೊಂಡು, ಗಾರ್ಡ್ ವಾರಕ್ಕೊಮ್ಮೆ ಬಂದು ನೋಡಿ ಹೋಗುವ ಏರ್ಪಾಡು ಮಾಡಿದರು. ಮರಿಯಾದರೆ ಇದೇ ಆಸುಪಾಸಿನಲ್ಲಿ ಬಿಡಬೇಕು ಅಂದರು. ಗೊಂಚಲನ್ನು ಬಿಡಿಸದೆ, ಉಳಿದಿದ್ದ ಅದೇ ಗೊಬ್ಬರದ ಮೇಲೆ ಬಕೆಟ್ಟಿನಲ್ಲಿ ಕೂರಿಸಿ, ಸ್ಕೂಟರಿನ ಹಿಂದೆ ಕೂತವನ ತೊಡೆಯ ಮೇಲೆ ಇಟ್ಟು ನಡಿಗೆಯ ವೇಗದಲ್ಲಿ ತಂದೆವು. ಅಂಟಿಕೊಂಡ ಮೊಟ್ಟೆಗಳನ್ನು ಬಿಡಿಸಲು ಹೋದರೆ ಸಿಪ್ಪೆ ಹರಿಯುತ್ತದೆ. ಅದು ಕೋಳಿಮೊಟ್ಟೆಯಂತೆ ಗಡುಸಲ್ಲ, ಬೆರಳಿಟ್ಟರೆ ಒತ್ತುವ ಹದ ಮಾಡಿದ ತೊಗಲು.

ಸಾಗರದಲ್ಲಿ ನಾಟಿಕೋಳಿ ಸಾಕುವ ಪರಿಚಯಸ್ಥರೊಬ್ಬರು ತಮ್ಮ ಹಳೆಯ ಯಂತ್ರವನ್ನು ಕೊಡುತ್ತೇನೆ ಅಂದರು. ಅದರೊಳಗೆ 37.5 ಡಿಗ್ರಿ ಶಾಖ, ಆಗಾಗ ತಟ್ಟೆ ವಾಲಿಸುವ ಮೋಟಾರು, 21 ದಿನದ ಲೆಕ್ಕ. ನನಗೆ ಬೇಕಾಗಿದ್ದದ್ದು 29 ಡಿಗ್ರಿಯ ಆಸುಪಾಸು, ಹೆಚ್ಚುಕಡಿಮೆ ಎರಡು ತಿಂಗಳು, ಮತ್ತು ಒಂದಿಷ್ಟೂ ಅಲುಗಾಟವಿಲ್ಲದ ನೆಲೆ. ಕಟ್ಟಿಕೊಳ್ಳುವುದೇ ಸರಿ ಅನ್ನಿಸಿತು.

ಪೆಟ್ಟಿಗೆ ಸಿಕ್ಕಿದ್ದು ಮೀನಿನವನ ಹತ್ತಿರ. ಹೊನ್ನಾವರದಿಂದ ಘಟ್ಟ ಹತ್ತಿ ಬರುವ ಮೀನು ಮಂಜುಗಡ್ಡೆಯ ಜೊತೆ ದಪ್ಪ ಥರ್ಮೋಕೋಲ್ ಪೆಟ್ಟಿಗೆಯಲ್ಲೇ ಬರುತ್ತದೆ. ತಂಪನ್ನು ಒಳಗೆ ಹಿಡಿದಿಡುವ ಗೋಡೆ ಬಿಸಿಯನ್ನೂ ಹಿಡಿದಿಡುತ್ತದೆ. ಸೋಪು, ಹುಣಸೆಹುಳಿ, ಬಿಸಿಲು ಎಲ್ಲ ಹಾಕಿ ವಾಸನೆ ಹೋಗುವ ತನಕ ತೊಳೆದೆ. ಬಿಸಿಗೆ ಬಲ್ಬು ಹಾಕು ಅಂತ ಎಲ್ಲರೂ ಹೇಳಿದರು. ಬಲ್ಬು ಉರಿದರೆ ಅದರ ಕೆಳಗಿನ ಮೊಟ್ಟೆ ಕಾಯುತ್ತದೆ, ಮೂಲೆಯದು ತಣ್ಣಗಿರುತ್ತದೆ, ಗಾಳಿ ಒಣಗುತ್ತದೆ. ಆರಿದ ಕೂಡಲೇ ಎಲ್ಲ ಇಳಿಯುತ್ತದೆ. ನಾನು ನೀರನ್ನು ಆರಿಸಿಕೊಂಡೆ. ಪೆಟ್ಟಿಗೆಯ ತಳಕ್ಕೆ ಹನ್ನೆರಡು ಲೀಟರು ನೀರು, ಅದರೊಳಗೆ ಬಣ್ಣದ ಮೀನಿನ ತೊಟ್ಟಿಗೆ ಹಾಕುವ ಗಾಜಿನ ಹೀಟರು. ನೀರಿನಿಂದ ಮೇಲೇಳುವಂತೆ ಎರಡು ಇಟ್ಟಿಗೆ, ಇಟ್ಟಿಗೆಯ ಮೇಲೆ ಮೊಟ್ಟೆಯ ಡಬ್ಬಿ. ನೀರು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೇ ಆರುತ್ತದೆ. ನನಗೆ ಬೇಕಾದದ್ದು ಆ ನಿಧಾನ.

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರಿಸಿದ ಒಂದು ಡಿಜಿಟಲ್ ಥರ್ಮೋಸ್ಟ್ಯಾಟ್ ಇತ್ತು. ಉದ್ದ ವೈರಿನ ತುದಿಯಲ್ಲಿ ಉಕ್ಕಿನ ಸಣ್ಣ ಕೊಳವೆ, ಅದರೊಳಗೆ ಶಾಖ ಅಳೆಯುವ ಸೆನ್ಸರ್. ಅದನ್ನು ನೀರಿನಲ್ಲಿ ಇಡಲಿಲ್ಲ, ಡಬ್ಬಿಯೊಳಗೆ ಮೊಟ್ಟೆಗಳ ಪಕ್ಕ, ಅವುಗಳ ಎತ್ತರದಲ್ಲೇ ಕಟ್ಟಿದೆ. ನೀರು ಎಷ್ಟು ಬಿಸಿ ಅನ್ನುವುದು ಯಾರಿಗೂ ಬೇಕಾಗಿಲ್ಲ, ಮೊಟ್ಟೆಗೆ ಎಷ್ಟು ತಾಗುತ್ತಿದೆ ಅನ್ನುವುದು ಮುಖ್ಯ. ಅರ್ಧ ಡಿಗ್ರಿ ಇಳಿದರೆ ಹೀಟರು ಹತ್ತಬೇಕು, 29 ಮುಟ್ಟಿದರೆ ಆರಬೇಕು.

ಇಷ್ಟಕ್ಕೇ ಬಿಡಲು ರಿವೈಂಡಿಂಗ್‌ನವನ ಮನಸ್ಸು ಒಪ್ಪುವುದಿಲ್ಲ. ಇಂಥ ಥರ್ಮೋಸ್ಟ್ಯಾಟಿನ ರಿಲೇ ಸಾವಿರಾರು ಸಲ ಕಟಕಟ ಅನ್ನುತ್ತ ಒಂದು ದಿನ ಕಾಂಟ್ಯಾಕ್ಟು ಬೆಸೆದುಕೊಂಡುಬಿಡುತ್ತದೆ. ಆಗ ಹೀಟರು ಆರುವುದೇ ಇಲ್ಲ. ಸುಟ್ಟ ಪಂಪಿನ ಸ್ಟಾರ್ಟರುಗಳಲ್ಲಿ ಅದನ್ನು ಜೀವನವಿಡೀ ನೋಡಿದ್ದೇನೆ. ಮೀನಿನ ಹೀಟರಿಗೆ ತನ್ನದೇ ಒಂದು ತಿರುಪು ಇರುತ್ತದೆ. ಡಬ್ಬಿಯೊಳಗೆ 31ಕ್ಕಿಂತ ಮೇಲೆ ಏರದ ಹಾಗೆ, ನೀರಿಗೆ ಎಷ್ಟು ಬೇಕೋ ಅಷ್ಟಕ್ಕೆ ಅದನ್ನು ನಿಲ್ಲಿಸಿದೆ. ಒಂದು ಕೈಕೊಟ್ಟರೆ ಇನ್ನೊಂದು ತಡೆಯುತ್ತದೆ. ಹಾವಿನ ಮೊಟ್ಟೆಗೆ ತಣ್ಣಗಾಗುವುದು ಅಷ್ಟು ಅಪಾಯವಲ್ಲ, ಬೆಳವಣಿಗೆ ನಿಧಾನವಾಗುತ್ತದೆ ಅಷ್ಟೆ. ಬಿಸಿ ಹಾಗಲ್ಲ. 34ರ ಆಚೆ ಹೆಚ್ಚು ಹೊತ್ತು ನಿಂತರೆ ಬೆನ್ನುಮೂಳೆ ಸೊಟ್ಟಗಾದ ಮರಿ ಬರಬಹುದು, ಬರದೆಯೂ ಹೋಗಬಹುದು.

ಮೊಟ್ಟೆಯ ಕೆಳಗಿನ ಹಾಸಿಗೆಗೆ ಶಿವಮೊಗ್ಗದ ನರ್ಸರಿ ಅಂಗಡಿಯಿಂದ ವರ್ಮಿಕ್ಯುಲೈಟ್ ತಂದೆ. ಅಭ್ರಕವನ್ನು ಹೋಲುವ ಖನಿಜವನ್ನು ಕಾಯಿಸಿ ಉಬ್ಬಿಸಿದ ಹಗುರ ಹರಳು ಅದು. ತಾರಸಿ ತೋಟದವರು ಕುಂಡಕ್ಕೆ ಹಾಕುತ್ತಾರೆ. ತೂಕಕ್ಕೆ ತೂಕ ನೀರು ಕಲಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಹದ ಸರಿ, ಧಾರೆ ಬಂದರೆ ಜಾಸ್ತಿ. ಹಾವಿನ ಮೊಟ್ಟೆ ನೀರು ಕುಡಿದು ಬೆಳೆಯುತ್ತದೆ. ಇಟ್ಟ ದಿನದ ತೂಕಕ್ಕಿಂತ ತಿಂಗಳ ನಂತರದ ತೂಕ ಎದ್ದುಕಾಣುವಷ್ಟು ಹೆಚ್ಚು. ಹಾಸಿಗೆ ಒಣಗಿದರೆ ಮೊಟ್ಟೆ ತಗ್ಗು ಬೀಳುತ್ತದೆ, ತೊಯ್ದು ತೊಪ್ಪೆಯಾದರೆ ಒಳಗಿನ ಜೀವಕ್ಕೆ ಉಸಿರು ಸಿಗುವುದಿಲ್ಲ. ಡಬ್ಬಿಯ ಮೇಲಂಚಿನಲ್ಲಿ ಕಾದ ಮೊಳೆಯಿಂದ ತೂತು ಮಾಡಿದೆ. ಪೆಟ್ಟಿಗೆಯ ಮುಚ್ಚಳಕ್ಕೆ ಗಾಜು ಕೂರಿಸಿ, ಒಂದು ಬದಿಗೆ ಅಡಿಕೆ ದಬ್ಬೆಯ ಚೂರು ಕೊಟ್ಟು ಓರೆ ಮಾಡಿದೆ. ಆವಿ ಗಾಜಿಗೆ ತಾಗಿ ಹನಿಯಾದಾಗ ಮೊಟ್ಟೆಯ ಮೇಲೆ ತೊಟ್ಟಿಕ್ಕದೆ ಗೋಡೆಗುಂಟ ಇಳಿದು ಮತ್ತೆ ನೀರಿಗೇ ಸೇರಬೇಕು.

ಕೆಲವು ರಾತ್ರಿ ದೀಪವೆಲ್ಲ ಆರಿಸಿ, ಮೊಟ್ಟೆಯನ್ನು ಎತ್ತದೆ ಪಕ್ಕದಿಂದ ಮೊಬೈಲಿನ ಟಾರ್ಚು ಹಿಡಿದು ನೋಡುತ್ತಿದ್ದೆ. ಮೊದಲು ಕಂಡದ್ದು ಹಳದಿ ಬೆಳಕಿನಲ್ಲಿ ಕೆಂಪು ರಕ್ತನಾಳಗಳ ಬಲೆ. ಸೀಸದ ಗೆರೆಯ ಕೆಳಗೇ ಅದರ ನಡು. ಎರಡು ವಾರ ಕಳೆಯುವಷ್ಟರಲ್ಲಿ ನಾಳಗಳು ಇಡೀ ಮೊಟ್ಟೆ ಸುತ್ತಿದವು, ಆಮೇಲೆ ಒಳಗೆ ಒಂದು ನೆರಳು ಕೂತಿತು, ಕ್ರಮೇಣ ಬೆಳಕು ತೂರುವುದೇ ನಿಂತಿತು. ಗೊಂಚಲಿನ ಮಧ್ಯದ ಒಂದು ಮೊಟ್ಟೆಯಲ್ಲಿ ನಾಳ ಕಾಣಿಸಲೇ ಇಲ್ಲ. ಅದಕ್ಕೆ ಬೂಸಲು ಬಂತು. ಗಾರ್ಡ್ ಅದನ್ನು ಕಿತ್ತುಹಾಕಿ ಅಂದರು. ಕಿತ್ತರೆ ಪಕ್ಕದ ಮೂರು ಹರಿಯುತ್ತಿದ್ದವು, ಹಾಗಾಗಿ ಬಿಟ್ಟೆ. ಬೂಸಲು ಅದನ್ನು ಪೂರ್ತಿ ತಿಂದಿತು, ಜೀವವಿದ್ದ ಮೊಟ್ಟೆಗಳ ಗಡಿ ದಾಟಲಿಲ್ಲ. ಜೀವ ಇರುವ ಮೊಟ್ಟೆ ತನ್ನನ್ನು ತಾನೇ ಕಾದುಕೊಳ್ಳುತ್ತದೆ ಅನ್ನುವುದನ್ನು ಆಗ ಕಣ್ಣಾರೆ ಕಂಡೆ.

ಜೂನಿನಲ್ಲಿ ಮಳೆ ಹಿಡಿಯಿತು. ಮಲೆನಾಡಿನಲ್ಲಿ ಮಳೆ ಹಿಡಿಯಿತು ಅಂದರೆ ಕರೆಂಟು ಹೋಯಿತು ಅಂತಲೇ ಅರ್ಥ. ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದು ರಾತ್ರಿಯಿಡೀ ಕತ್ತಲು. ಹೊರಗೆ 22 ಡಿಗ್ರಿ. ನಾನು ಪೆಟ್ಟಿಗೆಗೆ ಕಂಬಳಿ ಹೊದಿಸಿ ಪಕ್ಕದಲ್ಲೇ ಕೂತು ಅಂಕಿ ನೋಡುತ್ತಿದ್ದೆ. ಮೊದಲ ಒಂದು ಡಿಗ್ರಿ ಇಳಿಯಲು ಗಂಟೆಗೂ ಹೆಚ್ಚು ಹೊತ್ತು ಬೇಕಾಯಿತು. ಲೆಕ್ಕ ಹಾಕಿದರೆ ಅದು ಸರಿಯೇ: ಹನ್ನೆರಡು ಲೀಟರು ನೀರು ಒಂದು ಡಿಗ್ರಿ ಆರಬೇಕಾದರೆ ಸುಮಾರು 50 ಕಿಲೋಜೂಲ್ ಶಾಖ ಹೊರಗೆ ಹೋಗಬೇಕು. ಆ ಥರ್ಮೋಕೋಲ್ ಗೋಡೆಯಿಂದ ಸೋರುವುದು ಹತ್ತು ವಾಟಿನಷ್ಟು ಮಾತ್ರ. ಬೆಳಗಿನ ಜಾವ ಬಾಟಲಿಗಳಲ್ಲಿ ಹಂಡೆಯ ಬಿಸಿನೀರು ತುಂಬಿ ನೀರಿನೊಳಗೆ ನಿಲ್ಲಿಸಿದೆ. ಬಚ್ಚಲೊಲೆ ಆ ಮಳೆಗಾಲ ಪೂರ್ತಿ ಆರದಂತೆ ಮನೆಯವರೆಲ್ಲ ನೋಡಿಕೊಂಡರು.

ಆ ಕಾಯುವ ದಿನಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಹೆಬ್ಬಾವು ತನ್ನ ಮೊಟ್ಟೆಗಳನ್ನು ಸುತ್ತಿಕೊಂಡು ಕೂರುತ್ತದೆ, ಅದರ ಮೈ ಬೆಚ್ಚಗಿರುತ್ತದೆ ಅಂತ ಫ್ರಾನ್ಸಿನ ಲಾಮಾರ್‌ಪಿಕೋ 1832ರಲ್ಲೇ ಹೇಳಿದ್ದ. ಭಾರತದಲ್ಲಿ ತಾನು ಕಂಡದ್ದನ್ನು ಹೇಳಿದ ಅವನನ್ನು ಪ್ಯಾರಿಸ್ಸಿನ ವಿದ್ವಾಂಸರು ನಂಬಲಿಲ್ಲ. ತಣ್ಣನೆ ರಕ್ತದ ಪ್ರಾಣಿ ಬಿಸಿ ಹುಟ್ಟಿಸುವುದೆಂದರೇನು ಅನ್ನುವುದು ಅವರ ವಾದ. 1841ರಲ್ಲಿ ಪ್ಯಾರಿಸ್ಸಿನಲ್ಲೇ ಒಂದು ಹೆಬ್ಬಾವು ಕಾವು ಕೂತಾಗ ವಲಾನ್ಸಿಯೆನ್ ಅನ್ನುವ ಪ್ರಾಣಿಶಾಸ್ತ್ರಜ್ಞ ಅದರ ಸುರುಳಿಯ ನಡುವೆ ಉಷ್ಣಮಾಪಕ ಇಟ್ಟು ಅಳೆದ. ಲಾಮಾರ್‌ಪಿಕೋ ಹೇಳಿದ್ದು ನಿಜವಾಗಿತ್ತು. ಅದು ಹೇಗೆ ಅನ್ನುವುದು ತಿಳಿದದ್ದು ಇನ್ನೂ ಶತಮಾನ ಕಳೆದ ಮೇಲೆ: ನ್ಯೂಯಾರ್ಕಿನ ಬ್ರಾಂಕ್ಸ್ ಪ್ರಾಣಿಸಂಗ್ರಹಾಲಯದ ಹೆಬ್ಬಾವಿನ ಬಗ್ಗೆ 1966ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದು ಸ್ನಾಯುಗಳನ್ನು ಬಿಟ್ಟು ಬಿಟ್ಟು ಅದುರಿಸಿ ಶಾಖ ಹುಟ್ಟಿಸುತ್ತದೆ, ಸುತ್ತ ತಣ್ಣಗಾದಷ್ಟೂ ಅದುರುವುದು ಹೆಚ್ಚುತ್ತದೆ ಅಂತ ತೋರಿಸಿದರು. ನನ್ನ ಥರ್ಮೋಸ್ಟ್ಯಾಟು ಮಾಡುವುದೂ ಅದನ್ನೇ. ಇಳಿದರೆ ಹತ್ತು, ಏರಿದರೆ ಆರು.

ಅದೇ 1966ರಲ್ಲಿ ಸೆನೆಗಲ್ ದೇಶದ ಡಕಾರಿನಲ್ಲಿ ಮ್ಯಾಡಲೀನ್ ಶಾರ್ನಿಯೆ ಎಂಬ ಫ್ರೆಂಚ್ ವಿಜ್ಞಾನಿ, ಒಂದು ಜಾತಿಯ ಓತಿಕ್ಯಾತದ ಮೊಟ್ಟೆಗೆ ಕೊಟ್ಟ ಶಾಖವೇ ಮರಿ ಗಂಡೋ ಹೆಣ್ಣೋ ಅನ್ನುವುದನ್ನು ತೀರ್ಮಾನಿಸುತ್ತದೆ ಅಂತ ಕಂಡುಹಿಡಿದರು. ಮೊಸಳೆಗಳಲ್ಲೂ ಬಹುಪಾಲು ಆಮೆಗಳಲ್ಲೂ ಇದೇ ನಿಯಮ. ನಮ್ಮ ಮಗ್ಗರ್ ಮೊಸಳೆಯ ಮೊಟ್ಟೆಗಳ ಮೇಲೆ ಮದರಾಸಿನ ಮೊಸಳೆ ಬ್ಯಾಂಕಿನಲ್ಲಿ ನಡೆದ ಕೆಲಸದಿಂದ ತಿಳಿದದ್ದು, 31ರ ತನಕ ಹೆಣ್ಣು, 32.5ರ ಹತ್ತಿರ ಬಹುಪಾಲು ಗಂಡು. ಒಂದೂವರೆ ಡಿಗ್ರಿಯಲ್ಲಿ ಒಂದು ತಲೆಮಾರು ಬದಲಾಗುತ್ತದೆ. ಕಡಲಾಮೆಗಳಲ್ಲಿ ಇದು ತಿರುಗುಮುರುಗು, ಮರಳು ಬಿಸಿಯಾದಷ್ಟೂ ಹೆಣ್ಣು ಹೆಚ್ಚು. ಹೊನ್ನಾವರದ ಕಾಸರಕೋಡಿನಲ್ಲಿ ಕಡಲಾಮೆಯ ಗೂಡುಗಳಿಗೆ ಬಲೆ ಕಟ್ಟಿ ಕಾಯುವವರು ಸುಮ್ಮನೆ ಮೊಟ್ಟೆ ಮಾತ್ರ ಕಾಯುತ್ತಿಲ್ಲ, ಆ ಮರಳಿನ ಬಿಸಿಯನ್ನೂ ಕಾಯುತ್ತಿದ್ದಾರೆ. ಹಾವುಗಳಲ್ಲಿ ಗಂಡು ಹೆಣ್ಣು ತೀರ್ಮಾನವಾಗುವುದು ವರ್ಣತಂತುಗಳಿಂದ. ಇದನ್ನು ಓದಿದ ರಾತ್ರಿ ಎದೆ ಹಗುರಾಯಿತು. ನನ್ನ ಮೀನಿನ ಪೆಟ್ಟಿಗೆ ಆ ತೀರ್ಮಾನದಲ್ಲಿ ಕೈಹಾಕುತ್ತಿರಲಿಲ್ಲ.

ಜುಲೈ ಮುಗಿಯುತ್ತ ಬಂದಾಗ ಉಬ್ಬಿದ್ದ ಮೊಟ್ಟೆಗಳು ಸ್ವಲ್ಪ ಜಗ್ಗಿದವು. ಮರಿ ಹೊರಬರುವ ಮುಂಚೆ ಹೀಗಾಗುತ್ತದೆ ಅಂತ ಗೊತ್ತಿದ್ದರಿಂದ ನೀರು ಚಿಮುಕಿಸಲು ಹೋಗಲಿಲ್ಲ. ಎರಡು ದಿನದ ಮೇಲೆ, ಒಂದು ಬೆಳಗ್ಗೆ, ಒಂದು ಮೊಟ್ಟೆಯ ನೆತ್ತಿಯಲ್ಲಿ ಬ್ಲೇಡಿನಲ್ಲಿ ಕೊಯ್ದಷ್ಟು ನೇರವಾದ ಸೀಳು ಕಂಡಿತು, ಅದರ ಪಕ್ಕ ಇನ್ನೊಂದು. ಮರಿಯ ಮೇಲ್ದವಡೆಯ ತುದಿಯಲ್ಲಿ ಇದಕ್ಕೆಂದೇ ಒಂದು ಹಲ್ಲು ಇರುತ್ತದೆ, ಹೊರಬಂದ ಮೇಲೆ ಉದುರಿಹೋಗುತ್ತದೆ. ಸೀಳಿನಿಂದ ಲೋಳೆ ಹನಿಯಿತು. ಮಧ್ಯಾಹ್ನದ ಹೊತ್ತಿಗೆ ಮೂತಿ ಬಂತು. ಕೇರೆಮರಿಗೆ ಮುಖಕ್ಕಿಂತ ದೊಡ್ಡದೇನೋ ಅನ್ನಿಸುವ ಕಣ್ಣು. ನಾಲಗೆ ಚಾಚಿ ಒಮ್ಮೆ ಗಾಳಿ ಮುಟ್ಟಿತು. ನಾನು ಬಗ್ಗಿದ ನೆರಳು ಬಿದ್ದದ್ದೇ ತಡ, ತಲೆ ಒಳಗೆ. ಹೀಗೆ ಇಣುಕುತ್ತ ಒಳಸರಿಯುತ್ತ ಇಡೀ ಒಂದು ದಿನ ಅದು ಮೊಟ್ಟೆಯಲ್ಲೇ ಕೂತಿತ್ತು. ಆಗ ಎಳೆಯಬಾರದು. ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುವ ಹೊತ್ತು ಅದು. ಆ ಬುತ್ತಿಯ ಮೇಲೆಯೇ ಮೊದಲ ಪೊರೆ ಕಳಚುವ ತನಕ ಬದುಕಬೇಕು.

ಒಂಬತ್ತು ಮರಿಗಳಾದವು. ಹನ್ನೊಂದನೆಯ ಮೊಟ್ಟೆ ಸೀಳಲೇ ಇಲ್ಲ. ಉಳಿದವೆಲ್ಲ ಬಂದು ಹಲವು ದಿನವಾದ ಮೇಲೆ ಬಿಡಿಸಿ ನೋಡಿದರೆ, ಒಳಗೆ ಪೂರ್ತಿ ಬೆಳೆದ ಮರಿ, ಹುರುಪೆಗಳ ಸಾಲು ಕೂಡ ಒಂದೂ ತಪ್ಪದೆ ಮೂಡಿತ್ತು. ಅದನ್ನು ತೋಟದಲ್ಲಿ ಹೂತೆವು. ಅದು ಯಾಕೆ ಹೊರಬರಲಿಲ್ಲ ಅನ್ನುವ ಸಂಕಟ ಈಗಲೂ ಇದೆ.

ಮರಿಗಳು ಪೊರೆ ಕಳಚಿದ ಮೇಲೆ ಗಾರ್ಡ್ ಎದುರಿಗೆ, ಅದೇ ಮನೆಯ ತೋಟದ ಕೆಳಗಿನ ಹಳ್ಳದ ಅಂಚಿನಲ್ಲಿ ಬಿಟ್ಟೆವು. ಕಪ್ಪೆಮರಿಗಳು ತುಂಬಿದ ಕಾಲ. ಬಿಟ್ಟ ಕೂಡಲೇ ಒಂದೊಂದೂ ಒಂದೊಂದು ದಿಕ್ಕಿಗೆ ಹರಿದು ಹೋಯಿತು.

ಆಮೇಲೆ ಪೆಟ್ಟಿಗೆಗೆ ಇನ್ನೊಂದಿಷ್ಟು ಕೆಲಸ ಬಂತು. ಒಂದು ಸಲ ಮನೆ ಕಟ್ಟಲು ಜೆಸಿಬಿ ಹುತ್ತ ಅಗೆದಾಗ ನಾಗರ ಮೊಟ್ಟೆ ಸಿಕ್ಕವು. ಅರ್ಧ ಮೊಟ್ಟೆ ಒಡೆದುಹೋಗಿದ್ದವು. ಮನೆಯವರು ಭಯದಿಂದ ನಡುಗುತ್ತಿದ್ದರು. ಪುರೋಹಿತರಿಗೆ ಫೋನು ಮಾಡುವ ಮುಂಚೆ ನನಗೆ ಮಾಡಿದರು, ಉಳಿದಷ್ಟನ್ನಾದರೂ ಉಳಿಸಿಕೊಡಿ ಅಂತ ಕೈಮುಗಿದರು. ಆ ಭಯ, ಆ ಭಕ್ತಿ ನನ್ನ ಮಟ್ಟಿಗೆ ದೊಡ್ಡ ಬಲ. ಕೇರೆಯ ಮೊಟ್ಟೆಗೆ ಅಂಥ ಕಾಳಜಿ ಸಿಗುವುದಿಲ್ಲ, ಇಲಿ ಹಿಡಿದು ಗದ್ದೆ ಕಾಯುವುದು ಕೇರೆಯೇ ಆದರೂ. ನಾಗರಮರಿಗೆ ಹುಟ್ಟುವಾಗಲೇ ವಿಷವಿರುತ್ತದೆ. ಮೊಟ್ಟೆಯಿಂದ ಅರ್ಧ ಮಾತ್ರ ಹೊರಬಂದ ಮರಿಯೊಂದು ಗಾಜಿನ ಈಚೆಯ ನನ್ನನ್ನು ನೋಡಿ ಹೆಡೆ ಅಗಲಿಸಿತು. ಹೆಬ್ಬೆರಳಿನಷ್ಟು ಅಗಲದ ಹೆಡೆ. ಆ ಸಲ ಡಬ್ಬಿಗೆ ಬೀಗ ಹಾಕಿದ್ದೆ. ಮನೆಯಲ್ಲಿ ಮಕ್ಕಳಿದ್ದರು, ಇದರಲ್ಲಿ ಧೈರ್ಯ ತೋರಿಸುವಂಥದ್ದು ಏನೂ ಇಲ್ಲ.

ಆದರೆ ನನ್ನ ತಲೆಯಲ್ಲಿ ಉಳಿದುಬಿಟ್ಟದ್ದು ಆ ಗೊಬ್ಬರಗುಂಡಿ. ನಾನು ಎರಡು ಥರ್ಮೋಸ್ಟ್ಯಾಟು, ಹನ್ನೆರಡು ಲೀಟರು ನೀರು, ಓರೆ ಗಾಜು, ಬಚ್ಚಲೊಲೆ ಎಲ್ಲ ಹೂಡಿ ಹಿಡಿದಿಟ್ಟದ್ದನ್ನು ಕೇರೆ ಅಲ್ಲಿ ಏನೂ ಇಲ್ಲದೆ ಹೇಗೆ ಮಾಡಿಕೊಂಡಿತ್ತು? ಮರುವರ್ಷ ಆ ಮನೆಯವರು ಗುಂಡಿಯ ಒಂದು ಮೂಲೆಯನ್ನು ನನ್ನ ಮಾತಿಗೆ ಹಾಗೇ ಬಿಟ್ಟಿದ್ದರು. ಏಪ್ರಿಲಿನಲ್ಲಿ ಕೇರೆ ಮತ್ತೆ ಕಾಣಿಸಿಕೊಂಡಿತು. ಒಂದು ಸಂಜೆ ಮೇಲಿನ ದರಕನ್ನು ಒಂದಿಷ್ಟೇ ಸರಿಸಿ ನೋಡಿದೆ, ಮೊಟ್ಟೆ ಇದ್ದವು. ಮುಟ್ಟದೆ, ಅವುಗಳ ಪಕ್ಕಕ್ಕೆ ಸೆನ್ಸರಿನ ವೈರು ಇಳಿಸಿ ಮುಚ್ಚಿದೆ. ಮತ್ತೊಂದು ಸೆನ್ಸರನ್ನು ಗುಂಡಿಯ ನಡುವಿನ ಹಸಿ ಸಗಣಿಯ ರಾಶಿಗೆ, ಇನ್ನೊಂದನ್ನು ಹೊರಗೆ ನೆರಳಿಗೆ ಕಟ್ಟಿದೆ.

ನಡುವಿನ ರಾಶಿ ಐವತ್ತು ದಾಟಿತ್ತು. ಕೊಳೆಯುವ ಗೊಬ್ಬರ ಅಷ್ಟು ಕಾಯುತ್ತದೆ, ಅಲ್ಲಿ ಮೊಟ್ಟೆ ಇಟ್ಟಿದ್ದರೆ ಬೆಂದುಹೋಗುತ್ತಿತ್ತು. ಹೊರಗಿನ ಗಾಳಿ ಬೆಳಗಿನ ಜಾವ 21, ಮಧ್ಯಾಹ್ನ 34. ಇವೆರಡರ ನಡುವೆ, ಗುಂಡಿಯ ಅಂಚಿನಲ್ಲಿ, ಮೊಣಕೈ ಆಳದಲ್ಲಿ, ಹಳೆಯ ಸಿಪ್ಪೆ ಕೊಳೆತು ಮುಗಿದು ಶಾಂತವಾದ ಕಡೆ, ಅಂಕಿ ಹಗಲು ರಾತ್ರಿ 28ರಿಂದ 30ರ ಒಳಗೇ ಇತ್ತು. ಒಂದು ಬದಿಯಿಂದ ಬಿಸಿ ರಾಶಿ ಶಾಖ ಕೊಡುತ್ತಿತ್ತು, ಇನ್ನೊಂದು ಬದಿಯ ಕಲ್ಲುಕಟ್ಟೆ ಹೆಚ್ಚಾದದ್ದನ್ನು ಹೀರುತ್ತಿತ್ತು. ಮೇಲೆ ಹರಡಿದ ದರಕು ಮೊದಲ ಮಳೆಯ ನೀರನ್ನು ಆಚೆ ಜಾರಿಸಿತು, ಅಡಿಯ ಸಿಪ್ಪೆ ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬಿಡುವಷ್ಟು ತೇವ. ಕರೆಂಟು ಹೋದ ರಾತ್ರಿ ನನ್ನ ಪೆಟ್ಟಿಗೆಯ ಅಂಕಿ ಇಳಿದಿತ್ತಲ್ಲ, ಇಲ್ಲಿ ಅದೂ ಇಲ್ಲ.

ಹಾವು ಆ ಜಾಗ ಹುಡುಕಲು ಗುಂಡಿಯನ್ನೆಲ್ಲ ಮೈಯಿಂದ ಅಳೆದಿರಬೇಕು. ಮನೆಯವರು ಕಂಡ ಓಡಾಟ ಅದೇ. ಆಗುಂಬೆಯ ಕಡೆ ಕಾಳಿಂಗ ಇದಕ್ಕೂ ಮುಂದೆ ಹೋಗುತ್ತದೆ. ಎಲೆಗಳನ್ನು ಮೈಸುರುಳಿಯಿಂದ ಎಳೆದು ಗುಡ್ಡೆ ಹಾಕಿ ಗೂಡು ಕಟ್ಟುವ ಹಾವು ಅದೊಂದೇ. ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಅಂತ 2024ರಲ್ಲಿ ಗುರುತಿಸಿ ಒಫಿಯೋಫೇಗಸ್ ಕಾಳಿಂಗ ಅನ್ನುವ ಹೆಸರು ಕೊಟ್ಟಿದ್ದಾರೆ. ಅಲ್ಲಿ ಕೆಲಸ ಮಾಡುವವರು ಗೂಡು ಸಿಕ್ಕರೆ ಕೀಳುವುದಿಲ್ಲ, ಇದ್ದಲ್ಲೇ ಕಾಯುತ್ತಾರೆ. ಮೊಟ್ಟೆ ಎತ್ತುವ ಮುಂಚೆ ಇದನ್ನೇ ಮಾಡಲು ಸಾಧ್ಯವಾ ಅಂತ ನಾನು ಪ್ರತಿ ಸಲ ನೋಡುತ್ತೇನೆ. ಬಹುಪಾಲು ಸಲ ಸಾಧ್ಯವಾಗುತ್ತದೆ. ಎರಡು ತಿಂಗಳು ಆ ಮೂಲೆಗೆ ಗುದ್ದಲಿ ಹಾಕಬೇಡಿ ಅಂತ ಮನೆಯವರನ್ನು ಒಪ್ಪಿಸುವುದು, ನಾಲ್ಕು ಗೂಟ ಹೊಡೆದು ಹಳೆ ಅಡಿಕೆ ಬಲೆ ಕಟ್ಟುವುದು, ಇಷ್ಟರಲ್ಲಿ ಮುಗಿಯುತ್ತದೆ. ಪೆಟ್ಟಿಗೆ ಕಟ್ಟುವುದನ್ನು ಕಲಿಯಬೇಕು ಅಂತ ಬರುವ ಹುಡುಗರಿಗೆ ಸರ್ಕಿಟ್ಟು ಬರೆದುಕೊಡುತ್ತೇನೆ, ಮೊದಲು ಅವರ ಕೈಯಲ್ಲಿ ಒಂದು ಉಷ್ಣಮಾಪಕ ಕೊಟ್ಟು ಅವರ ಮನೆಯ ಗೊಬ್ಬರಗುಂಡಿಯನ್ನು ಅಂಚಿನಿಂದ ನಡುವಿನ ತನಕ ಅಳೆದು ಬರಲು ಹೇಳುತ್ತೇನೆ.

ಅಳೆದ ಅಂಕಿಗಳ ಹಾಳೆಯನ್ನು ಆ ಮನೆಯ ಯಜಮಾನಿತಿಗೂ ತೋರಿಸಿದ್ದೆ. ನಡುವೆ ಐವತ್ತು, ಹೊರಗೆ ಇಪ್ಪತ್ತೊಂದು, ಅದು ಇಟ್ಟ ಕಡೆ ಇಪ್ಪತ್ತೊಂಬತ್ತು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಇಷ್ಟೆಲ್ಲ ನೋಡಿ ಇಟ್ಟಿದೆಯಾ?” ಅಂದರು. ಹೌದು, ಇದೇ ಅದರ ತಾಯಿಕರುಳು ಅಂದೆ. ಆ ಮನೆಯಲ್ಲಿ ಈಗ ಗೊಬ್ಬರ ಹೊರುವ ಕೆಲಸ ಮಾರ್ಚ್ ಮುಗಿಯುವುದರೊಳಗೆ ಆಗುತ್ತದೆ. ಆಳು ಸಿಗದೆ ತಡವಾದ ವರ್ಷ ಕಟ್ಟೆಯ ಕಡೆಯ ಮೂಲೆಯನ್ನು ದೀಪಾವಳಿಯ ತನಕ ಬಿಡುತ್ತಾರೆ.